ಮಕ್ಕಳ ಕಾರ್ ಸೀಟು: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ತೀರ್ಪನ್ನು ಮೊದಲೇ ಹೇಳಿಬಿಡೋಣ. ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಐಸೋಫಿಕ್ಸ್ ಕೊಂಡಿಗಳಿದ್ದು (ಬೆಲ್ಟಿಲ್ಲದೆ ಮಕ್ಕಳ ಸೀಟನ್ನು ನೇರವಾಗಿ ಸಿಕ್ಕಿಸುವ ಉಕ್ಕಿನ ಕಡ್ಡಿಗಳು), ಕೈಯಲ್ಲಿ ದುಡ್ಡಿದ್ದರೆ, ಹುಟ್ಟಿದಾಗಿನಿಂದ ನಾಲ್ಕು ವರ್ಷದವರೆಗೆ ಬರುವ, ಮಗುವನ್ನು ಹಿಮ್ಮುಖವಾಗಿ ಕೂರಿಸಬಹುದಾದ ಐಸೋಫಿಕ್ಸ್ ಸೀಟು ಕೊಳ್ಳಿ. ಕೊಂಡಿಗಳಿಲ್ಲದಿದ್ದರೆ ಕಾರಿನ ಬೆಲ್ಟಿನಿಂದಲೇ ಕಟ್ಟುವ ಆರೇಳು ಸಾವಿರದ ಸೀಟು ಸಾಕು. ಆದರೆ ಅದನ್ನು ಕಟ್ಟಲು ಮೊದಲ ಸಲ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಬಿಗಿಯಾಗಿ ಕೂತ ಅಗ್ಗದ ಸೀಟು ಸಡಿಲವಾಗಿ ಕೂತ ದುಬಾರಿ ಸೀಟಿಗಿಂತ ಎಷ್ಟೋ ಮೇಲು. ವಿಚಿತ್ರವೆಂದರೆ ಈ ಬಿಗಿತವನ್ನು ಯಾರೂ ಪರೀಕ್ಷಿಸುವುದಿಲ್ಲ. ಮಾರುವ ಅಂಗಡಿಯವರಿಗೆ ಅದು ಬೇಕಿಲ್ಲ, ಕಾರು ಕೊಟ್ಟ ಶೋರೂಮಿನವರಿಗೆ ಗೊತ್ತಿಲ್ಲ, ದಂಡ ಹಾಕುವ ಪೊಲೀಸರಿಗೆ ಕಾಣುವುದಿಲ್ಲ.

ಇಲ್ಲಿ ಒಂದು ನಿರ್ದಿಷ್ಟ ಮಾಡೆಲ್ಲಿನ ವಿಮರ್ಶೆ ಮಾಡುತ್ತಿಲ್ಲ. ಲವ್‌ಲ್ಯಾಪ್, ಆರ್ ಫಾರ್ ರ್‍ಯಾಬಿಟ್, ಮೀ ಮೀ, ಚಿಕ್ಕೊ, ಗ್ರೇಕೊ ಹೀಗೆ ನಮ್ಮಲ್ಲಿ ಸಿಗುವ ಕಂಪನಿಗಳು ಬಟ್ಟೆಯ ಬಣ್ಣ, ಹೆಸರು ಬದಲಿಸಿ ಆಗಾಗ ಹೊಸ ಮಾಡೆಲ್ ಬಿಡುತ್ತಲೇ ಇರುತ್ತವೆ. ಒಳಗಿನ ಜಾತಿ ಮಾತ್ರ ನಾಲ್ಕೇ. ಆ ನಾಲ್ಕರ ಗುಣದೋಷ ತಿಳಿದರೆ ಯಾವ ಮಾಡೆಲ್ ಕಣ್ಣಿಗೆ ಬಿದ್ದರೂ ನೀವೇ ಅಳೆಯಬಹುದು.

ಮಡಿಲು ಯಾಕೆ ಸಾಲದು

ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಮನೆಯ ತಾರಸಿಯಿಂದ, ಬಿದ್ದ ವಸ್ತು ನೆಲ ಮುಟ್ಟುವ ವೇಗವೂ ಇಷ್ಟೇ. ಗುದ್ದಿದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತುಬಿಡುತ್ತದೆ. ಅಷ್ಟರೊಳಗೆ 10 ಕಿಲೋ ತೂಕದ ಮಗುವನ್ನು ಹಿಡಿದು ನಿಲ್ಲಿಸಲು ಸರಾಸರಿ 140 ಕಿಲೋ ಎತ್ತುವಷ್ಟು ಬಲ ಬೇಕು. ಗರಿಷ್ಠ ಕ್ಷಣದಲ್ಲಿ ಅದಕ್ಕಿಂತಲೂ ಬಹಳ ಹೆಚ್ಚು. ಅಮ್ಮನ ಕೈ ಎಷ್ಟೇ ಗಟ್ಟಿಯಾಗಿರಲಿ, ಇದು ಆಗುವ ಮಾತಲ್ಲ. ಅಮ್ಮ ಬೆಲ್ಟು ಹಾಕಿರದಿದ್ದರೆ ಅವರ ಭಾರವೂ ಮಗುವಿನ ಮೇಲೆಯೇ ಬೀಳುತ್ತದೆ. ಒಂದೇ ಬೆಲ್ಟನ್ನು ಇಬ್ಬರಿಗೂ ಸೇರಿಸಿ ಹಾಕಿಕೊಳ್ಳುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು, ಮಗು ಬೆಲ್ಟಿಗೂ ದೊಡ್ಡವರಿಗೂ ನಡುವೆ ಜಜ್ಜಿಹೋಗುತ್ತದೆ. ಸ್ಟೀರಿಂಗ್ ಹಿಂದೆ ಅಪ್ಪನ ತೊಡೆಯ ಮೇಲೆ ಕೂತು 'ಗಾಡಿ ಓಡಿಸುವ' ಕಂದನ ಎದೆಯ ಮುಂದೆ, ಗೇಣು ದೂರದಲ್ಲಿ, ಏರ್‌ಬ್ಯಾಗ್ ಇರುತ್ತದೆ. ಅದು ಉಬ್ಬುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ.

ಕೂಸಿನ ತಲೆ ಅದರ ಉದ್ದದ ಕಾಲು ಭಾಗದಷ್ಟಿರುತ್ತದೆ, ಕತ್ತಿನ ಎಲುಬುಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖಮಾಡಿ ಕೂತ ಮಗುವಿನ ಮೈಯನ್ನು ಪಟ್ಟಿಗಳು ಹಿಡಿದರೂ ತಲೆ ಮುಂದಕ್ಕೆ ಎಸೆದಂತೆ ಹೋಗುತ್ತದೆ. ಹಿಮ್ಮುಖವಾಗಿ ಕೂತಿದ್ದರೆ ಅದೇ ಹೊಡೆತ ಬೆನ್ನು, ಕತ್ತು, ತಲೆಯ ಹಿಂಭಾಗಕ್ಕೆಲ್ಲ ಹಂಚಿಹೋಗುತ್ತದೆ. ಹೊಸ ಯುರೋಪಿಯನ್ ನಿಯಮವಾದ ಆರ್129 ಅದಕ್ಕೇ 15 ತಿಂಗಳವರೆಗೆ ಹಿಮ್ಮುಖ ಕಡ್ಡಾಯ ಮಾಡಿದೆ. ಸ್ವೀಡನ್ನಿನಲ್ಲಂತೂ ನಾಲ್ಕು ವರ್ಷದವರೆಗೂ ಹೀಗೆ ಕೂರಿಸುವುದು ರೂಢಿ. ಸರಿಯಾಗಿ ಬಳಸಿದ ಸೀಟು ಕಾರಿನಲ್ಲಿ ಒಂದು ವರ್ಷದೊಳಗಿನ ಮಕ್ಕಳ ಸಾವನ್ನು 71%, ಒಂದರಿಂದ ನಾಲ್ಕು ವರ್ಷದವರ ಸಾವನ್ನು 54% ತಗ್ಗಿಸುತ್ತದೆ ಎಂಬುದು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಲೆಕ್ಕ.

ನಾಲ್ಕು ಜಾತಿ

ಮೊದಲನೆಯದು ಹಿಡಿಕೆಯಿರುವ ಬಕೆಟ್ ಸೀಟು, 13 ಕಿಲೋವರೆಗೆ. ಮಗು ಮಲಗಿದ್ದಂತೆಯೇ ಎತ್ತಿಕೊಂಡು ಹೋಗಬಹುದು, ಕೆಲವು ಸ್ಟ್ರಾಲರ್ ಮೇಲೂ ಕೂರುತ್ತವೆ. ಬಾಳುವುದು ಹೆಚ್ಚೆಂದರೆ ಒಂದು, ಒಂದೂಕಾಲು ವರ್ಷ. ಇದರ ದೊಡ್ಡ ತೊಡಕು ಬೆಲ್ಟಿನ ಉದ್ದ. ಸೊಂಟದ ಬೆಲ್ಟು ಮಗುವಿನ ಕಾಲ ಬಳಿ ಅಡ್ಡ ಹಾದು, ಎದೆಯ ಬೆಲ್ಟು ಬಕೆಟ್ಟಿನ ಬೆನ್ನನ್ನು ಸುತ್ತಿ ಬರಬೇಕು. ನಮ್ಮ ಸಣ್ಣ ಕಾರುಗಳಲ್ಲಿ ಎಷ್ಟೋ ಸಲ ಬಕಲ್ ಇನ್ನೂ ನಾಲ್ಕು ಬೆರಳು ದೂರ ಇರುವಾಗಲೇ ಬೆಲ್ಟು ಮುಗಿದುಹೋಗುತ್ತದೆ. ಆನ್‌ಲೈನಿನಲ್ಲಿ ಸಿಗುವ ಬೆಲ್ಟ್ ಎಕ್ಸ್‌ಟೆಂಡರ್ ಇದಕ್ಕೆ ಪರಿಹಾರವಲ್ಲ. ಕೊಳ್ಳುವ ಮುಂಚೆ ಅಂಗಡಿಯಲ್ಲಿಟ್ಟಿರುವ ಸೀಟನ್ನೇ ನಿಮ್ಮ ಕಾರಿನಲ್ಲಿ ಇಟ್ಟು ನೋಡಿ. ಬಿಡದಿದ್ದರೆ ಬೇರೆ ಅಂಗಡಿಗೆ ಹೋಗಿ. ಇನ್ನೊಂದು ಮಾತು: ಇದನ್ನು ಮನೆಯಲ್ಲಿ ತೊಟ್ಟಿಲಿನ ಬದಲು ಬಳಸಬಾರದು. ಎಳೆಗೂಸಿನ ಗಲ್ಲ ಎದೆಗೆ ಬಿದ್ದರೆ ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ಕಾರಿನಲ್ಲೂ ಎರಡು ಗಂಟೆಗೊಮ್ಮೆ ನಿಲ್ಲಿಸಿ ಎತ್ತಿಕೊಳ್ಳಬೇಕು. ಒಂದೇ ಮಗು, ಒಂದೇ ಕಾರು ಇರುವ ಮನೆಗೆ ಈ ಜಾತಿ ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಎರಡನೆಯದು ಕನ್ವರ್ಟಿಬಲ್, 0 ಇಂದ 18 ಕಿಲೋ. ಕಣ್ಣಿಗೆ ಹೆಚ್ಚು ಬೀಳುವುದು ಇದೇ, ಬೆಲೆ ಸುಮಾರು 5,000 ದಿಂದ 9,000. ಮೊದಲು ಹಿಮ್ಮುಖ, ಆಮೇಲೆ ಮುಮ್ಮುಖ. ಸೀಟಿನ ಮೈಮೇಲೆ ಬೆಲ್ಟು ಹೋಗುವ ಎರಡು ದಾರಿಗಳಿಗೆ ಬಣ್ಣ ಬಳಿದಿರುತ್ತಾರೆ: ಹಿಮ್ಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು. ಎಡವಟ್ಟಾಗುವುದು ಇಲ್ಲೇ. ಅಂಗಡಿಯಲ್ಲಿ ತೋರಿಸುವಾಗ ಮುಮ್ಮುಖವಾಗಿ ಇಟ್ಟು ತೋರಿಸುತ್ತಾರೆ, ಡಬ್ಬದ ಚಿತ್ರದಲ್ಲೂ ನಗುವ ಮಗು ಮುಂದೆ ನೋಡುತ್ತಿರುತ್ತದೆ, ಲೇಬಲ್ಲಿನಲ್ಲಿ ಮುಮ್ಮುಖಕ್ಕೆ '9–18 ಕಿಲೋ' ಎಂದಿರುತ್ತದೆ. ಎಂಟು ತಿಂಗಳಿಗೆ ಒಂಬತ್ತು ಕಿಲೋ ತೂಗುವ ಗುಂಡುಮಗುವನ್ನು ಅವತ್ತೇ ತಿರುಗಿಸಿಬಿಡುತ್ತಾರೆ. ಒಂಬತ್ತು ಕಿಲೋ ಎಂಬುದು ಅದಕ್ಕಿಂತ ಮುಂಚೆ ತಿರುಗಿಸಲೇಬಾರದು ಎಂಬ ಗೆರೆ, ಅವತ್ತೇ ತಿರುಗಿಸಬೇಕೆಂಬ ಆಜ್ಞೆಯಲ್ಲ. ಹಿಮ್ಮುಖಕ್ಕೆ 13 ಕಿಲೋ ಎಂದು ಬರೆದಿದ್ದರೆ 13 ಆಗುವವರೆಗೂ ಹಾಗೇ ಇರಲಿ. ಕಾಲು ಮಡಚಿ ಕೂರಬೇಕಾಗುತ್ತದಲ್ಲ ಎಂದು ಅಜ್ಜಿ ತಾತ ಮರುಗುತ್ತಾರೆ. ಮಕ್ಕಳಿಗೆ ಚಕ್ಕಳಮಕ್ಕಳ ಹಾಕಿ ಕೂರುವುದು ಕಷ್ಟವೇ ಅಲ್ಲ. ಸೀಟು ಚಿಕ್ಕದಾಯಿತೆಂದು ಹೇಳುವುದು ಕಾಲಲ್ಲ, ತಲೆ: ನೆತ್ತಿಗೂ ಸೀಟಿನ ಮೇಲಂಚಿಗೂ ಒಂದು ಇಂಚು ಕೂಡ ಉಳಿಯದಿದ್ದರೆ ಹಿಮ್ಮುಖದ ಕಾಲ ಮುಗಿಯಿತು.

ಮೂರನೆಯದು 360 ಡಿಗ್ರಿ ತಿರುಗುವ ಐಸೋಫಿಕ್ಸ್ ಸೀಟು. ಹನ್ನೆರಡು ಸಾವಿರದಿಂದ ಶುರುವಾಗಿ ಮೂವತ್ತು ಸಾವಿರ ದಾಟುತ್ತದೆ, ತೂಕ ಹದಿಮೂರು ಹದಿನಾಲ್ಕು ಕಿಲೋ. ಬಾಗಿಲ ಕಡೆಗೆ ತಿರುಗಿಸಿ ಮಗುವನ್ನು ಕೂರಿಸಬಹುದು. ಸೊಂಟ ನೋವಿರುವ ಅಜ್ಜಿಗೂ, ಸಿಸೇರಿಯನ್ ಆದ ತಾಯಿಗೂ ಇದು ಸಣ್ಣ ಅನುಕೂಲವಲ್ಲ. ಆದರೆ '0–36 ಕಿಲೋ, ಹನ್ನೆರಡು ವರ್ಷದವರೆಗೆ' ಎಂಬ ಮಾತನ್ನು ಅರ್ಧ ಮಾತ್ರ ನಂಬಿ. ಹಳೆಯ ಆರ್44 ನಿಯಮದ ಸೀಟುಗಳಲ್ಲಿ ಒಳಗಿನ ಐದು ಪಟ್ಟಿಗಳ ಹಾರ್ನೆಸ್ ನಡೆಯುವುದು 18 ಕಿಲೋವರೆಗೆ ಮಾತ್ರ. ಆಮೇಲೆ ಮಗುವನ್ನು ಹಿಡಿಯುವುದು ಕಾರಿನ ಬೆಲ್ಟೇ, ಸೀಟು ಬರೀ ಎತ್ತರಿಸುವ ಪೀಠ. ಹಾರ್ನೆಸ್ ಬಿಚ್ಚದೆ 22 ಕಿಲೋ ಮಗುವನ್ನೂ ಅದರಲ್ಲೇ ಬಿಗಿಯುವವರನ್ನು ಎಲ್ಲೆಲ್ಲೂ ಕಾಣಬಹುದು. ಮೇಲಾಗಿ ಇಂಥ ಸೀಟುಗಳ ಬೆನ್ನು ಸಾಮಾನ್ಯವಾಗಿ 36 ಕಿಲೋ ಮುಟ್ಟುವ ಮೊದಲೇ ಗಿಡ್ಡವಾಗುತ್ತದೆ. ಏಳೆಂಟು ವರ್ಷಕ್ಕೆ ಬೇರೆ ಬೂಸ್ಟರ್ (ಕಾರಿನ ಬೆಲ್ಟು ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಪೀಠ) ಬೇಕಾಗಬಹುದು ಎಂದು ಲೆಕ್ಕ ಹಾಕಿಕೊಂಡೇ ಕೊಳ್ಳಿ.

ನಾಲ್ಕನೆಯದಾದ ಬೂಸ್ಟರ್ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ನಾಲ್ಕೈದು ವರ್ಷವಾದ ಕೂಡಲೇ ಮಗು 'ದೊಡ್ಡದಾಯಿತು', ಸೀಟು ಅಟ್ಟ ಸೇರಿತು. ಕಾರಿನ ಬೆಲ್ಟನ್ನು ಮಾಡಿರುವುದು ಸುಮಾರು 145 ರಿಂದ 150 ಸೆಂ.ಮೀ. ಎತ್ತರ ದಾಟಿದವರಿಗೆ. ಆರು ವರ್ಷದ ಮಗುವಿಗೆ ಅದು ಕತ್ತನ್ನು ಕೊಯ್ಯುತ್ತದೆ, ಮಗು ಬೆಲ್ಟನ್ನು ಕಂಕುಳ ಕೆಳಗೋ ಬೆನ್ನ ಹಿಂದೋ ತಳ್ಳುತ್ತದೆ. ಸೊಂಟದ ಭಾಗ ಹೊಟ್ಟೆಯ ಮೇಲೆ ಏರಿ ಕೂರುತ್ತದೆ. ಗುದ್ದಿದಾಗ ಕರುಳು, ಗುಲ್ಮ, ಬೆನ್ನೆಲುಬಿಗೆ ಪೆಟ್ಟಾಗುವುದು ಹೀಗೆ. ಮೂರರಿಂದ ಆರು ಸಾವಿರಕ್ಕೆ ಸಿಗುವ ಬೆನ್ನಿರುವ ಬೂಸ್ಟರ್, ದುಡ್ಡಿಗೆ ತಕ್ಕ ಬೆಲೆ ಎಂದು ನೋಡಿದರೆ, ಈ ನಾಲ್ಕರಲ್ಲಿ ಅತ್ಯುತ್ತಮ. ಬೆನ್ನಿಲ್ಲದ ಬೂಸ್ಟರನ್ನು 125 ಸೆಂ.ಮೀ. ದಾಟಿದ ಮಕ್ಕಳಿಗಷ್ಟೇ ಇಟ್ಟುಕೊಳ್ಳಿ. ಬೂಸ್ಟರ್ ಬಿಡಬಹುದೇ ಎಂದು ತಿಳಿಯಲು ಮಗುವನ್ನು ನೇರವಾಗಿ ಕಾರಿನ ಸೀಟಿನಲ್ಲಿ ಕೂರಿಸಿ. ಬೆನ್ನು ಪೂರ್ತಿ ಒರಗಿರಬೇಕು, ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚಬೇಕು, ಕೆಳಗಿನ ಬೆಲ್ಟು ಸೊಂಟದ ಮೂಳೆಯ ಮೇಲೆ, ಮೇಲಿನದು ಹೆಗಲ ನಡುವೆ ಕೂರಬೇಕು, ದಾರಿಯುದ್ದಕ್ಕೂ ಹಾಗೇ ಕೂತಿರುವ ತಾಳ್ಮೆ ಮಗುವಿಗಿರಬೇಕು. ಒಂದು ತಪ್ಪಿದರೂ ಬೂಸ್ಟರ್ ಇರಲಿ.

ಲೇಬಲ್ ಓದುವುದು

ಸೀಟಿನ ಹಿಂದೆಯೋ ಅಡಿಯೋ ಕಿತ್ತಳೆ ಬಣ್ಣದ ಚೀಟಿ ಇರಬೇಕು. ಅದರಲ್ಲಿ ವೃತ್ತದೊಳಗೆ 'ಇ' ಅಕ್ಷರ, ಪಕ್ಕದಲ್ಲಿ ಒಂದು ಅಂಕಿ. ಅಂಕಿ ಯಾವ ದೇಶ ಒಪ್ಪಿಗೆ ಕೊಟ್ಟಿತೆಂದು ಹೇಳುತ್ತದೆ: 1 ಜರ್ಮನಿ, 4 ನೆದರ್ಲೆಂಡ್ಸ್. ತೂಕದ ಗುಂಪು ಬರೆದಿದ್ದು ಒಪ್ಪಿಗೆ ಸಂಖ್ಯೆ 04 ರಿಂದ ಶುರುವಾದರೆ ಅದು ಆರ್44/04. ತೂಕದ ಬದಲು ಎತ್ತರವನ್ನು ಸೆಂ.ಮೀ.ನಲ್ಲಿ ಕೊಟ್ಟಿದ್ದರೆ ಆರ್129. ಇದರಲ್ಲಿ ಪಕ್ಕದಿಂದ ಬೀಳುವ ಹೊಡೆತದ ಪರೀಕ್ಷೆಯೂ ಸೇರಿದೆ. ಯುರೋಪಿನ ಒಕ್ಕೂಟದಲ್ಲಿ 2024ರ ಸೆಪ್ಟೆಂಬರಿನಿಂದ ಆರ್44 ಸೀಟುಗಳ ಮಾರಾಟ ನಿಂತಿದೆ. ನಮ್ಮಲ್ಲಿ ಅವು ಇನ್ನೂ ಸಿಗುತ್ತವೆ. ಎರಡೂ ಒಂದೇ ಬೆಲೆಗೆ ಸಿಕ್ಕರೆ ಆರ್129 ಆರಿಸಿ, ಆದರೆ ಆರ್44 ಎಂದ ಮಾತ್ರಕ್ಕೆ ಒಳ್ಳೆಯ ಸೀಟನ್ನು ಬಿಸಾಡಬೇಡಿ. ಭಾರತದ್ದೇ ಮಾನದಂಡ ಎಐಎಸ್-072, ಅದರ ಗುಂಪುಗಳೂ ಆರ್44ರಂತೆಯೇ. ಇದಾವುದೂ ಇಲ್ಲದೆ 'ಯುರೋಪಿಯನ್ ಸ್ಟ್ಯಾಂಡರ್ಡ್' ಎಂದಷ್ಟೇ ಬರೆದಿದ್ದರೆ ಮುಂದೆ ಹೋಗಿ.

ಕಟ್ಟುವ ಬಗೆ

ಮೊದಲು ಕಾರಿನ ಕೈಪಿಡಿ, ಆಮೇಲೆ ಸೀಟಿನ ಕೈಪಿಡಿ. ಮಕ್ಕಳ ಸೀಟನ್ನು ಎಲ್ಲೆಲ್ಲಿ ಇಡಬಹುದೆಂಬ ಪಟ್ಟಿ ಕಾರಿನ ಕೈಪಿಡಿಯಲ್ಲಿರುತ್ತದೆ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟು ಇಡಲೇಬಾರದು. ಬಿಸಿಲು ತಡೆಯುವ ವೈಸರ್ ಮೇಲೆ ಅಂಟಿಸಿರುವ ಚಿತ್ರ ಅದನ್ನೇ ಹೇಳುತ್ತದೆ. ಕೆಲವು ಕಾರುಗಳಲ್ಲಿ ಆ ಏರ್‌ಬ್ಯಾಗನ್ನು ಕೀಲಿಯಿಂದ ಆರಿಸಬಹುದು. ಹಾಗಿದ್ದರೂ ಹಿಂದಿನ ಸೀಟೇ ಮೇಲು.

ಬೆಲ್ಟಿನಿಂದ ಕಟ್ಟುವಾಗ ಬೆಲ್ಟನ್ನು ಸರಿಯಾದ ಬಣ್ಣದ ದಾರಿಯಲ್ಲಿ ಹೊಗಿಸಿ, ತಿರುಚಿಲ್ಲವೆಂದು ನೋಡಿ, ಬಕಲ್ ಹಾಕಿ. ಈಗ ಮೊಣಕಾಲನ್ನು ಸೀಟಿನೊಳಗೆ ಊರಿ ಮೈಭಾರ ಬಿಡಿ. ಅದು ಕಾರಿನ ಕುಶನ್ನಿನೊಳಗೆ ಇಳಿಯುತ್ತಿದ್ದಂತೆ ಮೊದಲು ಸೊಂಟದ ಬೆಲ್ಟಿನ ಸಡಿಲ ಎಳೆಯಿರಿ, ಆಮೇಲೆ ಎದೆಯ ಬೆಲ್ಟಿನದು. ಸೀಟಿಗೆ ಬೆಲ್ಟು ಹಿಡಿಯುವ ಲಾಕ್ ಇದ್ದರೆ ಆಗ ಮುಚ್ಚಿ. ಬೆಲ್ಟು ಹಾದುಹೋಗುವ ಜಾಗದಲ್ಲೇ ಸೀಟನ್ನು ಹಿಡಿದು ಅತ್ತಿತ್ತ ಅಲುಗಿಸಿ. ಒಂದು ಇಂಚಿಗಿಂತ ಹೆಚ್ಚು ಸರಿದರೆ ಬಿಚ್ಚಿ ಮತ್ತೆ ಕಟ್ಟಬೇಕು. ಹಿಮ್ಮುಖ ಸೀಟಿನ ಮೇಲ್ತುದಿ ತೂಗಾಡುವುದು ಸಹಜ, ಅದನ್ನು ನೋಡಿ ಗಾಬರಿಯಾಗಬೇಡಿ. ಅಳೆಯಬೇಕಾದದ್ದು ಬುಡವನ್ನು.

ಎಷ್ಟು ಎಳೆದರೂ ಬಿಗಿಯಾಗುತ್ತಿಲ್ಲವೇ? ಬಹುತೇಕ ಕಾರಣ ಬಕಲ್ಲಿನ ಕಾಂಡ. ಅದು ಉದ್ದವಾಗಿದ್ದು, ಬಕಲ್ ನೇರವಾಗಿ ಸೀಟಿನ ಪ್ಲಾಸ್ಟಿಕ್ ಅಂಚಿನ ಮೇಲೆ ಬಂದು ಕೂತಿದ್ದರೆ ಬಿಗಿತ ಬರುವುದಿಲ್ಲ, ಗುದ್ದಿದಾಗ ಬಕಲ್ ಮುರಿಯುವ ಅಪಾಯವೂ ಉಂಟು. ಬೇರೆ ಬದಿಯ ಸೀಟಿನಲ್ಲಿ ಪ್ರಯತ್ನಿಸಿ. ಅಲ್ಲೂ ಹಾಗೇ ಆದರೆ ಆ ಸೀಟು ನಿಮ್ಮ ಕಾರಿಗೆ ಹೊಂದುವುದಿಲ್ಲ, ಹಿಂದಿರುಗಿಸಿ. ಹಳೆಯ ಕಾರುಗಳ ನಡುಸೀಟಿನಲ್ಲಿರುವ ಬರೀ ಸೊಂಟದ ಬೆಲ್ಟಿಗೆ ಬೂಸ್ಟರ್ ಯಾವತ್ತೂ ಬೇಡ.

ಐಸೋಫಿಕ್ಸ್ ಎಂದರೆ ಒರಗುವ ಭಾಗ ಮತ್ತು ಕುಶನ್ ಸೇರುವ ಸಂದಿಯಲ್ಲಿ 280 ಮಿ.ಮೀ. ಅಂತರದಲ್ಲಿರುವ ಎರಡು ಉಕ್ಕಿನ ಕಡ್ಡಿಗಳು. ದುಬಾರಿ ಕಾರುಗಳಲ್ಲಿ ಪ್ಲಾಸ್ಟಿಕ್ ಬಾಯಿ ಕಾಣುತ್ತದೆ, ಸಣ್ಣ ಕಾರುಗಳಲ್ಲಿ ಬೆರಳು ಹಾಕಿ ತಡಕಬೇಕು. ಎರಡೂ ಕಡೆ 'ಟಕ್' ಎಂದು ಸದ್ದಾಗಿ ಹಸಿರು ಗುರುತು ಬರಬೇಕು. ಒಂದು ಹಸಿರು, ಒಂದು ಕೆಂಪು ಇದ್ದರೆ ಕೂತಿಲ್ಲವೆಂದೇ ಅರ್ಥ. ಇಷ್ಟಕ್ಕೆ ನಿಲ್ಲಿಸುವವರೇ ಹೆಚ್ಚು. ಗುದ್ದಿದಾಗ ಸೀಟು ಮುಂದಕ್ಕೆ ಬಗ್ಗದಂತೆ ಮೂರನೆಯ ಹಿಡಿತ ಬೇಕೇ ಬೇಕು: ಒಂದೋ ಟಾಪ್ ಟೆದರ್ ಪಟ್ಟಿ, ಇಲ್ಲವೇ ನೆಲಕ್ಕೆ ಊರುವ ಕಾಲು. ಟೆದರ್ ಪಟ್ಟಿಯನ್ನು ಹೆಡ್‌ರೆಸ್ಟಿನ ಅಡಿಯಿಂದ ಹಾಯಿಸಿ ಹಿಂದಿನ ಸೀಟಿನ ಬೆನ್ನಿಗೋ ಡಿಕ್ಕಿಯ ನೆಲಕ್ಕೋ ಇರುವ ಕೊಂಡಿಗೆ ಸಿಕ್ಕಿಸಬೇಕು. ಲಗೇಜ್ ಕಟ್ಟುವ ಕೊಂಡಿಗೂ ಇದಕ್ಕೂ ಗೊಂದಲ ಮಾಡಿಕೊಂಡರೆ ಎಲ್ಲ ಬಿಗಿತವೂ ದಂಡ. ಲಗೇಜಿನ ಕೊಂಡಿ ಅಷ್ಟು ಬಲ ತಡೆಯುವುದಿಲ್ಲ. ನೆಲದಡಿ ಸಾಮಾನು ಪೆಟ್ಟಿಗೆಯಿರುವ ಕಾರುಗಳಲ್ಲಿ ಊರುಗಾಲು ಇಡಬಾರದು, ಮುಚ್ಚಳ ಕುಸಿಯುತ್ತದೆ. ಇನ್ನೋವಾ, ಎರ್ಟಿಗಾದಂಥ ಮೂರು ಸಾಲಿನ ಗಾಡಿಗಳಲ್ಲಿ ಮಗುವಿನ ಜಾಗ ನಡುಸಾಲು. ಕೊನೆಯ ಸಾಲಲ್ಲಿ ತಲೆ ಹಿಂಗಾಜಿಗೆ ತೀರಾ ಹತ್ತಿರ.

ಇನ್ನು ಮಗುವನ್ನು ಬಿಗಿಯುವುದು. ಹಿಮ್ಮುಖದಲ್ಲಿ ಹಾರ್ನೆಸ್ ಪಟ್ಟಿ ಹೆಗಲ ಮಟ್ಟದಿಂದ ಅಥವಾ ತುಸು ಕೆಳಗಿನಿಂದ ಬರಬೇಕು, ಮುಮ್ಮುಖದಲ್ಲಿ ಹೆಗಲ ಮಟ್ಟದಿಂದ ಅಥವಾ ತುಸು ಮೇಲಿನಿಂದ. ಮಗು ಬೆಳೆದಂತೆ ಈ ಎತ್ತರ ಬದಲಿಸಲು ನೆನಪಿರುವವರು ಅಪರೂಪ. ಪಟ್ಟಿ ಎಳೆದ ಮೇಲೆ ಕೊರಳೆಲುಬಿನ ಬಳಿ ಹೆಬ್ಬೆರಳು ತೋರುಬೆರಳಲ್ಲಿ ಅದನ್ನು ಚಿವುಟಿ ನೋಡಿ. ಮಡಿಕೆ ಸಿಕ್ಕರೆ ಸಡಿಲ. ಮಡಿಕೇರಿಯ ಚಳಿಗೆ ದಪ್ಪ ಸ್ವೆಟರ್ ಹಾಕಿಸಿ ಅದರ ಮೇಲೆ ಪಟ್ಟಿ ಬಿಗಿದರೆ, ಗುದ್ದಿದ ಕ್ಷಣದಲ್ಲಿ ಉಣ್ಣೆ ಅದುಮಿ ಪಟ್ಟಿ ಸಡಿಲವಾಗುತ್ತದೆ. ಮೊದಲು ಪಟ್ಟಿ, ಅದರ ಮೇಲೆ ಹೊದಿಕೆ. ಎಳೆಗೂಸಿಗೆ ಸೀಟು ಸುಮಾರು 45 ಡಿಗ್ರಿ ವಾಲಿರಲಿ. ತೀರಾ ನೆಟ್ಟಗಿದ್ದರೆ ತಲೆ ಮುಂದಕ್ಕೆ ಜೋಲುತ್ತದೆ.

ಅಮೆರಿಕದಿಂದ ಹೊತ್ತು ತಂದ ಸೀಟು

ಕ್ಯಾಲಿಫೋರ್ನಿಯಾದಿಂದ ರಜೆಗೆ ಬರುವವರು ಅಲ್ಲಿನ ಸೀಟನ್ನೇ ವಿಮಾನದಲ್ಲಿ ತರುತ್ತಾರೆ. ಅಲ್ಲಿ ಎರಡು ವರ್ಷದೊಳಗಿನ ಮಗುವಿಗೆ, ತೀರಾ ದೊಡ್ಡ ಮೈಕಟ್ಟಿನದಲ್ಲದಿದ್ದರೆ, ಹಿಮ್ಮುಖ ಸೀಟು ಕಾನೂನು. ಹಾಗಾಗಿ ಸೀಟು ಒಳ್ಳೆಯದೇ ಇರುತ್ತದೆ. ತೊಡಕು ಬೇರೆ: ಅಮೆರಿಕದ ಕಾರುಗಳಲ್ಲಿ ಬೆಲ್ಟನ್ನು ಪೂರ್ತಿ ಹೊರಗೆಳೆದು ಬಿಟ್ಟರೆ ಅದು ಕಟಕಟ ಎಂದು ಒಳಸರಿಯುತ್ತ ಅಲ್ಲೇ ಲಾಕ್ ಆಗುತ್ತದೆ. ನಮ್ಮ ಬಹುತೇಕ ಕಾರುಗಳ ಬೆಲ್ಟು ಜೋರಾಗಿ ಎಳೆದಾಗ ಮಾತ್ರ ಹಿಡಿಯುತ್ತದೆ, ಸುಮ್ಮನಿದ್ದಾಗ ಸಡಿಲವಾಗುತ್ತ ಹೋಗುತ್ತದೆ. ಸೀಟಿನಲ್ಲೇ ಬೆಲ್ಟ್ ಲಾಕ್ ಇರುವ ಮಾಡೆಲ್ ತಂದರೆ ಸರಿ, ಇಲ್ಲದಿದ್ದರೆ ಲೋಹದ ಲಾಕಿಂಗ್ ಕ್ಲಿಪ್ ಜೊತೆಗೆ ತರಬೇಕು. ಕೆಳಗಿನ ಕೊಂಡಿಗಳ ಅಳತೆ ಎರಡು ಕಡೆಯೂ ಒಂದೇ, ಆದ್ದರಿಂದ ಐಸೋಫಿಕ್ಸ್ ಇರುವ ಕಾರಿನಲ್ಲಿ ಕೆಲಸ ಸುಲಭ.

ಕಾರಿನ ನಕ್ಷತ್ರಗಳು

'ನಮ್ಮದು ಐದು ಸ್ಟಾರ್ ಗಾಡಿ' ಎಂಬ ಧೈರ್ಯದ ಬಗ್ಗೆ ಒಂದು ಮಾತು. ಮಕ್ಕಳಿಗೆ ಬೇರೆಯೇ ಅಂಕ ಇದೆ. ಮಹೀಂದ್ರಾ ಸ್ಕಾರ್ಪಿಯೊ-ಎನ್, ಕಾರು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ 2022ರ ಪರೀಕ್ಷೆಯಲ್ಲಿ ದೊಡ್ಡವರಿಗೆ ಐದು ನಕ್ಷತ್ರ ಪಡೆದರೂ ಮಕ್ಕಳಿಗೆ ಪಡೆದದ್ದು ಮೂರು. 2023ರ ಅಕ್ಟೋಬರ್ 1ರಿಂದ ನಡೆಯುತ್ತಿರುವ, ನಮ್ಮ ದೇಶದ್ದೇ ಪರೀಕ್ಷೆಯಾದ ಭಾರತ್ ಎನ್‌ಕ್ಯಾಪ್‌ನಲ್ಲಿ ಮಕ್ಕಳ ವಿಭಾಗಕ್ಕೆ ಒಟ್ಟು 49 ಅಂಕ: ಗುದ್ದುವ ಪರೀಕ್ಷೆಗೆ 24, ಬೇರೆ ಬೇರೆ ಸೀಟುಗಳು ಸರಿಯಾಗಿ ಕೂರುತ್ತವೆಯೇ ಎಂಬುದಕ್ಕೆ 12, ಕಾರಿನ ಸೌಲಭ್ಯಗಳಿಗೆ 13. ಮೊದಲ ಫಲಿತಾಂಶದಲ್ಲಿ ಟಾಟಾ ಹ್ಯಾರಿಯರ್ ಮತ್ತು ಸಫಾರಿ 44.54 ಪಡೆದವು. ನೀವು ಕಾರು ಕೊಳ್ಳುವಾಗ ನೋಡಬೇಕಾದದ್ದು ಆ 12ರ ಸಾಲು. ಮತ್ತೊಂದು ವಿಷಯ ಮರೆಯಬಾರದು: ಆ ಪರೀಕ್ಷೆಯಲ್ಲಿ ಒಂದೂವರೆ ಮತ್ತು ಮೂರು ವರ್ಷದ ಗೊಂಬೆಗಳನ್ನು ಮಕ್ಕಳ ಸೀಟಿನಲ್ಲಿ ಕಟ್ಟಿಯೇ ಗುದ್ದಿಸುವುದು. ಮಡಿಲಲ್ಲಿ ಕೂತ ಮಗುವಿಗೂ ಆ ನಕ್ಷತ್ರಗಳಿಗೂ ಸಂಬಂಧವಿಲ್ಲ.

ಕೊಳ್ಳಬಾರದವು

ಸಾವಿರ ರೂಪಾಯಿಗೆ ಸಿಗುವ ಬಟ್ಟೆಯ 'ಕಾರ್ ಸೀಟು' ನಿಜಕ್ಕೂ ಪಟ್ಟಿಗಳಿರುವ ಒಂದು ದಿಂಬು. ಗಟ್ಟಿ ಚಿಪ್ಪಿಲ್ಲ, ಒಪ್ಪಿಗೆಯ ಚೀಟಿಯಿಲ್ಲ. ಗುದ್ದಿದಾಗ ಹೊಲಿಗೆ ಕಿತ್ತುಬರುತ್ತದೆ. ಬೆಲ್ಟನ್ನು ಹೆಗಲಿಗೆ ಇಳಿಸುವ ತ್ರಿಕೋನದ ಬಟ್ಟೆ ಕ್ಲಿಪ್ ಸೊಂಟದ ಬೆಲ್ಟನ್ನು ಹೊಟ್ಟೆಗೆ ಏರಿಸುತ್ತದೆ. ಬೀಪ್ ಸದ್ದು ನಿಲ್ಲಿಸಲು ಬಕಲ್ಲಿಗೆ ತುರುಕುವ ನಕಲಿ ನಾಲಿಗೆಗೆ ಏನು ಹೇಳುವುದು! ಇದನ್ನು ಮಾರುತ್ತಿದ್ದ ಐದು ಆನ್‌ಲೈನ್ ಮಾರಾಟ ತಾಣಗಳ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮೇ ತಿಂಗಳಲ್ಲಿ ಆದೇಶ ಹೊರಡಿಸಿತು, ಆ ತಾಣಗಳಲ್ಲಿದ್ದ 13,118 ಮಾರಾಟದ ನಮೂದುಗಳನ್ನು ತೆಗೆಸಲಾಯಿತು. ಸೆಕೆಂಡ್ ಹ್ಯಾಂಡ್ ಸೀಟಿನ ವಿಚಾರದಲ್ಲಿ, ಅದು ಅಪಘಾತ ಕಂಡಿಲ್ಲವೆಂದು ಖಚಿತವಾಗಿ ಹೇಳಬಲ್ಲ ನಂಟರಿಂದ ಬಂದರೆ ಮಾತ್ರ ತೆಗೆದುಕೊಳ್ಳಿ. ಚಿಪ್ಪಿನ ಅಡಿಯಲ್ಲಿ ತಯಾರಾದ ವರ್ಷದ ಅಚ್ಚಿರುತ್ತದೆ, ನೋಡಿ. ಬಿಸಿಲಲ್ಲಿ ನಿಲ್ಲುವ ಕಾರುಗಳಲ್ಲಿ ಪ್ಲಾಸ್ಟಿಕ್ ಬೇಗ ಒಣಗುತ್ತದೆ.

ಬಿಸಿಲಿನ ಮಾತು ಬಂದದ್ದಕ್ಕೆ: ರಾಯಚೂರು, ಕಲಬುರಗಿ ಕಡೆ ಮಧ್ಯಾಹ್ನ ನಿಲ್ಲಿಸಿದ ಕಾರಿನಲ್ಲಿ ಲೋಹದ ಬಕಲ್ ಚರ್ಮ ಸುಡುವಷ್ಟು ಕಾಯುತ್ತದೆ. ಇಳಿಯುವಾಗ ಸೀಟಿನ ಮೇಲೆ ಬಿಳಿ ಪಂಚೆ ಹೊದಿಸಿ ಹೋಗಿ, ಹತ್ತುವಾಗ ಬಕಲ್ ಮುಟ್ಟಿ ನೋಡಿ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ವಾಂತಿಯಾದರೆ ಹೊರಬಟ್ಟೆ ಬಿಚ್ಚಿ ಒಗೆಯಬಹುದು, ಹಾರ್ನೆಸ್ ಪಟ್ಟಿಯನ್ನು ಮಾತ್ರ ವಾಷಿಂಗ್ ಮಷೀನಿಗೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಪೊಲೀಸರಿಗೆ ಎಷ್ಟು ಅಂಕ

ಸೀಟಿನಷ್ಟೇ ವಿಮರ್ಶೆಗೆ ಅರ್ಹವಾದದ್ದು ಕಾನೂನು ಜಾರಿ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 194ಬಿ ಕಲಂ ಪ್ರಕಾರ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಗಾಡಿ ಓಡಿಸಿದವರಿಗೂ ಓಡಿಸಲು ಬಿಟ್ಟವರಿಗೂ 1,000 ರೂಪಾಯಿ ದಂಡ. ಓದಲು ಚೆನ್ನಾಗಿದೆ. ಆದರೆ ಎರಡರಲ್ಲಿ ಒಂದಿದ್ದರೆ ಸಾಕೆಂದಿರುವುದರಿಂದ ಎರಡು ವರ್ಷದ ಮಗುವಿಗೆ ದೊಡ್ಡವರ ಬೆಲ್ಟು ಸುತ್ತಿದರೂ ಕಾನೂನು ಪಾಲಿಸಿದಂತಾಯಿತು. ಬ್ರಿಟನ್ನಿನಲ್ಲಿ 12 ವರ್ಷ ಅಥವಾ 135 ಸೆಂ.ಮೀ., ಜರ್ಮನಿಯಲ್ಲಿ 12 ವರ್ಷ ಅಥವಾ 150 ಸೆಂ.ಮೀ. ಎಂದು ಎತ್ತರವನ್ನೂ ಹಿಡಿದಿದ್ದಾರೆ. ನಮ್ಮ ಕಲಮಿನಲ್ಲಿ ಅಂಥ ಅಳತೆಯೇ ಇಲ್ಲ.

2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಪ್ರಯಾಣಿಸುತ್ತಿದ್ದ ಕಾರು ಸೇತುವೆಗೆ ಗುದ್ದಿತು. ಮುಂದೆ ಕೂತಿದ್ದ ಇಬ್ಬರು ಉಳಿದರು, ಬೆಲ್ಟಿಲ್ಲದೆ ಹಿಂದೆ ಕೂತಿದ್ದ ಇಬ್ಬರೂ ಉಳಿಯಲಿಲ್ಲ. ಮರುತಿಂಗಳೇ ಕರ್ನಾಟಕ ಪೊಲೀಸರು ಹಿಂದಿನ ಸೀಟಿನವರಿಗೂ ಬೆಲ್ಟು ಕಡ್ಡಾಯವೆಂದು ಆದೇಶ ಹೊರಡಿಸಿದರು. ಆ ವರ್ಷ ದೇಶದಲ್ಲಿ ಬೆಲ್ಟು ಹಾಕದೆ ಸತ್ತವರು 16,715 ಮಂದಿ, ಅದರಲ್ಲಿ ಸರಿಸುಮಾರು ಅರ್ಧ ಪ್ರಯಾಣಿಕರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಡಿಸೆಂಬರಿನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾಗಳು ಬಂದವು. ಮುಂದಿನ ಸೀಟಿನ ಬೆಲ್ಟಿನ ಮಟ್ಟಿಗೆ ಇವುಗಳಿಂದ ಭಯ ಹುಟ್ಟಿದೆ, ಅದಕ್ಕೆ ಪೂರ್ತಿ ಅಂಕ ಕೊಡೋಣ. ಆದರೆ ಕ್ಯಾಮೆರಾ ನೋಡುವುದು ಮುಂಗಾಜಿನಿಂದ. ಹಿಂದಿನ ಸೀಟಿನಲ್ಲಿ ನಿಂತು ಎರಡು ಸೀಟುಗಳ ನಡುವೆ ಇಣುಕುವ ಮಗುವಿಗೆ ಸೀಟಿದೆಯೋ ಇಲ್ಲವೋ ಅದಕ್ಕೆ ತಿಳಿಯದು. ಸನ್‌ರೂಫಿನಿಂದ ತಲೆ ಹೊರಗೆ ಹಾಕಿ ಫ್ಲೈಓವರ್ ದಾಟುವ ಮಕ್ಕಳಂತೂ ಎಲ್ಲರ ಕಣ್ಣೆದುರೇ ಇರುತ್ತಾರೆ, ಅದಕ್ಕೆ ಕ್ಯಾಮೆರಾ ಬೇಕಿಲ್ಲ. ದಂಡ ಬಾಕಿ ಉಳಿಸಿಕೊಂಡವರಿಗೆ 2023ರ ಫೆಬ್ರುವರಿಯಲ್ಲಿ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ಕಟ್ಟಿದರು. ಸಾವಿರದ ದಂಡ ಹಾಗೆ ಐನೂರಾದರೆ, ಏಳು ಸಾವಿರದ ಸೀಟು ಕೊಳ್ಳುವವರು ಯಾರು?

ಪಕ್ಕದ ಕೇರಳ ಒಂದು ಹೆಜ್ಜೆ ಮುಂದಿಟ್ಟು ಹಿಂದೆಗೆಯಿತು. 2024ರ ಅಕ್ಟೋಬರಿನಲ್ಲಿ ಸಾರಿಗೆ ಆಯುಕ್ತರು ಮಕ್ಕಳ ಸೀಟನ್ನು ಹಂತಹಂತವಾಗಿ ಕಡ್ಡಾಯ ಮಾಡುತ್ತೇವೆ, ಮೊದಲು ತಿಳಿವಳಿಕೆ, ಆಮೇಲೆ ಎಚ್ಚರಿಕೆ, ಡಿಸೆಂಬರಿನಿಂದ ದಂಡ ಎಂದು ಘೋಷಿಸಿದರು. ವಿರೋಧ ಬಂದ ಕೂಡಲೇ ಅಂದಿನ ಸಾರಿಗೆ ಸಚಿವ ಕೆ. ಬಿ. ಗಣೇಶ್ ಕುಮಾರ್ ಈಗ ಜಾರಿಯಿಲ್ಲ ಎಂದುಬಿಟ್ಟರು. ಯೋಜನೆಯ ಕ್ರಮ ಸರಿಯಾಗಿತ್ತು. ಮೂರು ತಿಂಗಳ ಬದಲು ಒಂದು ವರ್ಷ ಕೊಟ್ಟು, ಆರ್‌ಟಿಓ ಕಚೇರಿಗಳಲ್ಲಿ ಸೀಟು ಕಟ್ಟುವುದನ್ನು ತೋರಿಸಿಕೊಡುವ ಒಬ್ಬರನ್ನಾದರೂ ಕೂರಿಸಿದ್ದರೆ ನಿಲ್ಲುತ್ತಿತ್ತೇನೋ. ನಮ್ಮಲ್ಲೂ ಬೇಕಾಗಿರುವುದು ಅದೇ. ದಂಡದ ರಸೀತಿ ಹರಿಯುವ ಕೈಗೆ ಆ ಒಂದು ಇಂಚಿನ ಪರೀಕ್ಷೆ ಕಲಿಸಲು ಅರ್ಧ ದಿನ ಸಾಕು.

ಟ್ಯಾಕ್ಸಿಯಲ್ಲಿ

ಬಾಡಿಗೆ ಕಾರಿನಲ್ಲಿ ಮಕ್ಕಳ ಸೀಟು ಇರುವುದಿಲ್ಲವೆಂದೇ ತಿಳಿದು ಹೊರಡಿ. ಊರಿಗೆ ಹೋಗುವ ದೂರದ ಪ್ರಯಾಣವಾದರೆ ನಿಮ್ಮ ಸೀಟನ್ನೇ ಒಯ್ಯಿರಿ. ಬೆಲ್ಟಿನಿಂದ ಕಟ್ಟುವ ಕನ್ವರ್ಟಿಬಲ್ ಇಲ್ಲಿ ಐಸೋಫಿಕ್ಸಿಗಿಂತ ಉಪಯೋಗಕ್ಕೆ ಬರುತ್ತದೆ, ಐಸೋಫಿಕ್ಸ್ ಇಲ್ಲದ ಗಾಡಿಗೂ ಕಟ್ಟಬಹುದು. ಬುಕ್ ಮಾಡುವಾಗಲೇ ಎರಡು ಪ್ರಶ್ನೆ ಕೇಳಿ: ಹಿಂದಿನ ಸೀಟಿನ ಬೆಲ್ಟುಗಳು ಕೆಲಸ ಮಾಡುತ್ತವೆಯೇ, ಬಕಲ್‌ಗಳು ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿಲ್ಲ ತಾನೇ. ಎರಡನೆಯದಕ್ಕೆ ಡ್ರೈವರಣ್ಣ ಸಾಮಾನ್ಯವಾಗಿ ನಗುತ್ತಾರೆ. ಹೊರಡುವ ಮುಂಚೆ ಹತ್ತು ನಿಮಿಷ ಮೊದಲೇ ಗಾಡಿ ತರಲು ಹೇಳಿ, ಕವರ್ ಸರಿಸಿ ಬಕಲ್ ಹೊರಗೆಳೆದು, ಸೀಟು ಕಟ್ಟಿ, ಬುಡ ಹಿಡಿದು ಅಲುಗಿಸಿ ನೋಡಿ. ಐದು ವರ್ಷ ದಾಟಿದ ಮಗುವಾದರೆ ಬೂಸ್ಟರ್ ಒಂದು ಕೈಚೀಲದಷ್ಟೇ ಭಾರ.